ಗಾಯಗೊಂಡ ಮಿಗದ ಜಾಡೂ ಬೇಟೆಯ ನಾಯಿಯೂ

ಕಾಡನ್ನು ಕಡಿದು ಹಸನುಮಾಡಿದವನದು ಹೊಲ, ಮೊದಲು ಬಾಣ ನೆಟ್ಟವನದು ಮಿಗ ಎಂಬರ್ಥದ ವಿಧಿಯೊಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಉಂಟು. ಅದು ಅಲ್ಲಿ ಬಂದಿರುವುದು ಬೇಟೆಯ ಪ್ರಸಂಗದಲ್ಲಲ್ಲ. ಸಂತಾನದ ಮೇಲೆ ಹಕ್ಕು ಯಾರದೆಂಬ ತೊಡಕಿನ ಜಿಜ್ಞಾಸೆಯ ನಡುವೆ, ಎಲ್ಲರೂ ಬಲ್ಲ ಲೋಕರೂಢಿಯೊಂದನ್ನು ದೃಷ್ಟಾಂತವಾಗಿ ಎತ್ತಿಕೊಂಡಂತೆ. ಇಂದ್ರಕೀಲದಲ್ಲಿ ಒಂದೇ ಹಂದಿಯ ಮೈಯಲ್ಲಿ ಎರಡು ಬಾಣಗಳು ನೆಟ್ಟಾಗ ಅರ್ಜುನನೂ ಕಿರಾತವೇಷದ ಶಿವನೂ ಮೊದಲು ಮಾತಿಗೆ ಮಾತು ಬೆಳೆಸಿ, ಕಡೆಗೆ ಮಲ್ಲಯುದ್ಧದವರೆಗೆ ಹೋದುದು ಈ ರೂಢಿಯ ಬಲದಿಂದಲೇ ಎಂಬುದನ್ನು ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕಾವ್ಯಗಳನ್ನು ಓದಿದವರು ಬಲ್ಲರು. ಹಕ್ಕಿನ ಮಾತು ಹೀಗೆ ಬಹು ಹಳೆಯದು. ಆದರೆ ಬಾಣ ನೆಟ್ಟ ಮಿಗವು ಅಲ್ಲಿಯೇ ಕೆಡೆಯದೆ, ನೆತ್ತರು ಸುರಿಸುತ್ತ ಪೊದೆಯೊಳಗೆ ನುಗ್ಗಿ ಕಣ್ಮರೆಯಾದರೆ ಬಾಣದ ಒಡೆಯನ ಹೊಣೆ ಏನು, ಅದನ್ನು ಅರಸಿ ಅವನು ಎಷ್ಟು ದೂರ ಹೋಗಬೇಕು, ಯಾರ ನೆರವಿನಿಂದ ಹೋಗಬೇಕು ಎಂಬ ಪ್ರಶ್ನೆ ಹಕ್ಕಿನ ಪ್ರಶ್ನೆಯಷ್ಟು ಸುಲಭದ್ದಲ್ಲ. ದೇಶದೇಶಗಳು ಅದಕ್ಕೆ ಕೊಟ್ಟ ಉತ್ತರಗಳಲ್ಲಿ ಬಹುಪಾಲು ನಾಯಿಯ ಮೂಗನ್ನು ನಂಬಿದವು. ಭೀಮೆ ಕೃಷ್ಣೆಯರ ನಡುವಣ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಎರೆಯ ಬಯಲು ಮಾತ್ರ ನಾಯಿಯ ಕಣ್ಣನ್ನು ನಂಬಿಕೊಂಡು ಬಂದಿತು. ಈ ಎರಡು ನಂಬಿಕೆಗಳ ಸ್ವರೂಪವೇನು, ಬೇಟೆ ನಿಷಿದ್ಧವಾದ ಈ ಕಾಲದಲ್ಲಿ ಅವುಗಳಲ್ಲಿ ಯಾವುದು ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇನೆ.

ಗುಂಡು ತಗುಲಿದೊಡನೆಯೇ ಜಿಂಕೆ ನಿಂತ ನೆಲದಲ್ಲಿ ಬೀಳುವುದು ನಾವು ಎಣಿಸುವಷ್ಟು ಸಾಮಾನ್ಯವಲ್ಲ. ಹೃದಯಕ್ಕೆ ಪೆಟ್ಟು ಬಿದ್ದ ಪ್ರಾಣಿ ಕೂಡ ನೂರು ಗಜ ಓಡಿ ಬೀಳುವುದುಂಟು. ಹೊಟ್ಟೆಗೆ ಪೆಟ್ಟು ತಿಂದದ್ದು ಗಂಟೆಗಟ್ಟಲೆ ಬದುಕಿದ್ದು, ನೀರಿರುವ ಕಡೆಗೋ ದಟ್ಟ ನೆರಳಿಗೋ ಹೋಗಿ ಮಲಗುತ್ತದೆ. ಅನುಭವಿಯಾದ ಬೇಟೆಗಾರನು ಗುಂಡು ಹಾರಿದ ಸ್ಥಳದಲ್ಲಿ ಕೂತು ನೆಲವನ್ನು ಓದುತ್ತಾನೆ. ನೊರೆನೊರೆಯಾದ ತಿಳಿಗೆಂಪು ನೆತ್ತರು ಕಂಡರೆ ಪುಪ್ಫುಸಕ್ಕೆ ತಗುಲಿದೆ, ಮಿಗ ದೂರ ಹೋಗಿರಲಾರದು, ಕಪ್ಪುಗೆಂಪಾಗಿದ್ದರೆ ಯಕೃತ್ತಿಗೆ, ಹಸುರು ಬೆರೆತು ಮೇವಿನ ವಾಸನೆ ಬಂದರೆ ಹೊಟ್ಟೆಗೆ. ಈ ಕೊನೆಯ ಸಂದರ್ಭದಲ್ಲಿ ಕೂಡಲೇ ಬೆನ್ನಟ್ಟಿದವನಿಗೆ ಮಿಗ ದಕ್ಕುವುದಿಲ್ಲ. ಅಟ್ಟಿದಷ್ಟೂ ಅದು ಓಡುತ್ತದೆ, ಓಡಿದಷ್ಟೂ ಗಾಯದ ಬಾಯಿಗೆ ಕೊಬ್ಬು ಕವಿದು ನೆತ್ತರು ನಿಲ್ಲುತ್ತದೆ, ನೆತ್ತರು ನಿಂತೊಡನೆ ಮನುಷ್ಯನ ಕಣ್ಣಿಗೆ ಜಾಡು ಮುಗಿಯುತ್ತದೆ. ನಾಯಿಗೆ ಮುಗಿಯುವುದಿಲ್ಲ. ಜಿಂಕೆಯ ಸೀಳು ಗೊರಸಿನ ನಡುವೆ ಒಂದು ಗ್ರಂಥಿಯುಂಟು. ಅದರ ಸ್ರಾವ ಹೆಜ್ಜೆಹೆಜ್ಜೆಗೂ ನೆಲಕ್ಕೆ ಅಂಟುತ್ತದೆ, ಆ ವಾಸನೆ ಒಂದೊಂದು ಪ್ರಾಣಿಗೆ ಒಂದೊಂದು ಬಗೆ. ನುರಿತ ನಾಯಿ ಹಿಂಡಿನ ನೂರು ಗೊರಸುಗಳ ನಡುವೆ ಗಾಯಗೊಂಡ ಒಂದರ ಹೆಜ್ಜೆಯನ್ನೇ ಹಿಡಿದು ನಡೆಯುವುದು ಇದರ ಬಲದಿಂದ.

ಐರೋಪ್ಯರಲ್ಲಿ ಈ ವಿದ್ಯೆಗೆ ಒಂದು ಸ್ಪಷ್ಟ ವಂಶಾವಳಿಯುಂಟು. ಸಾರಂಗವನ್ನು ದೊಡ್ಡ ನಾಯಿದಂಡಿನಿಂದ ಅಟ್ಟಿ ಬೇಟೆಯಾಡುತ್ತಿದ್ದ ಕಾಲದಲ್ಲಿ, ದಂಡನ್ನು ಬಿಡುವ ಮುನ್ನ ಬೆಳಗಿನ ಹೊತ್ತು ಸಾರಂಗ ಎಲ್ಲಿ ಮಲಗಿದೆಯೆಂಬುದನ್ನು ಸದ್ದಿಲ್ಲದೆ ಪತ್ತೆ ಹಚ್ಚಲು ಹಗ್ಗದಲ್ಲಿ ಕಟ್ಟಿದ ಒಂಟಿ ನಾಯಿಯೊಂದನ್ನು ಮುಂದೆ ಬಿಡುತ್ತಿದ್ದರು. ಕೋವಿ ಬಂದಿತು, ದೂರದಿಂದ ಹೊಡೆಯುವುದು ಸಾಧ್ಯವಾಯಿತು, ಹೊಡೆತ ತಿಂದು ತಪ್ಪಿಸಿಕೊಳ್ಳುವ ಮಿಗಗಳ ಸಂಖ್ಯೆಯೂ ಹೆಚ್ಚಿತು. ಆಗ ಜರ್ಮನಿಯ ಹ್ಯಾನೋವರಿನ ರಾಜಬೇಟೆಯ ಶಾಲೆಯಲ್ಲಿ ಆ ಹಗ್ಗದ ನಾಯಿಯನ್ನೇ ನೆತ್ತರಿನ ಜಾಡಿಗೆ ತಿದ್ದಿದರು. ಹ್ಯಾನೋವರಿನ ಈ ತಳಿಯನ್ನು ಕಾಪಾಡುವ ಹಿರ್ಷ್‌ಮನ್ ಸಂಘ 1894ರಲ್ಲಿ ಹುಟ್ಟಿ ಇಂದಿಗೂ ನಡೆದುಬಂದಿದೆ. ಗುಡ್ಡಗಾಡಿಗೆ ಒಗ್ಗಿದ, ಮೈ ಹಗುರವಾದ ಬವೇರಿಯದ ತಳಿ ಅನಂತರದ್ದು. ಕೋವಿಯು ತಂದ ಕೇಡಿಗೆ ಕಂಡುಕೊಂಡ ಪರಿಹಾರ ಈ ನಾಯಿ ಎಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಷಯ ಸ್ಪಷ್ಟವಾಗುತ್ತದೆ.

ಶಿಕ್ಷಣದ ಕ್ರಮ ನೋಡಲು ಸರಳ, ಮಾಡಲು ತಾಳ್ಮೆಯದು. ಮರಿಗೆ ಎರಡು ಮೂರು ತಿಂಗಳಾದಾಗ ಜಿಂಕೆಯ ಯಕೃತ್ತಿನ ತುಂಡೊಂದನ್ನು ದಾರಕ್ಕೆ ಕಟ್ಟಿ ಹುಲ್ಲಿನ ಮೇಲೆ ಹತ್ತಿಪ್ಪತ್ತು ಹೆಜ್ಜೆ ಎಳೆದು, ತುದಿಯಲ್ಲಿ ಬಿಟ್ಟು, ಮರಿಯನ್ನು ಎಳೆದ ಗೆರೆಯ ಬುಡಕ್ಕೆ ತಂದು ನಿಲ್ಲಿಸುತ್ತಾರೆ. ಅದು ಮೂಗಿನಿಂದಲೇ ತುಂಡನ್ನು ಕಂಡುಕೊಂಡರೆ ಅದೇ ಪಾಠ, ಅದೇ ಬಹುಮಾನ. ದಿನ ಕಳೆದಂತೆ ಗೆರೆ ಉದ್ದವಾಗುತ್ತದೆ, ಯಕೃತ್ತಿನ ಬದಲು ಸೀಸೆಯಿಂದಲೋ ಕೋಲಿಗೆ ಕಟ್ಟಿದ ಸ್ಪಂಜಿನಿಂದಲೋ ತೊಟ್ಟಿಕ್ಕಿಸಿದ ನೆತ್ತರು ಬರುತ್ತದೆ, ಅದೂ ಬರಬರುತ್ತ ಕಡಿಮೆಯಾಗುತ್ತದೆ. ಆಮೇಲೆ ಶಿಕ್ಷಕನು ಅಟ್ಟೆಯ ಕೆಳಗೆ ಜಿಂಕೆಯ ಕಾಲಿನ ಗೊರಸನ್ನು ಬಿಗಿದ ವಿಶೇಷ ಪಾದರಕ್ಷೆಯನ್ನು ಮೆಟ್ಟಿ ಕಾಡಿನಲ್ಲಿ ನಡೆದು ಬರುತ್ತಾನೆ. ಗೊರಸಿನ ವಾಸನೆ ಮಣ್ಣಿಗೆ ಒತ್ತಿ ಇಳಿಯಲೆಂದು. ಆ ಜಾಡನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಬೇರೆ ಜಿಂಕೆಗಳೂ ಹಂದಿಗಳೂ ಅದನ್ನು ತುಳಿದು ದಾಟಿಹೋದ ಮೇಲೆ, ಮರುದಿನ ನಾಯಿಯನ್ನು ಹತ್ತು ಗಜದ ಉದ್ದನೆಯ ಪಟ್ಟಿಯಲ್ಲಿ ಹಿಡಿದು ಹೊರಡುತ್ತಾರೆ. ಜಾಡು ಎಡಕ್ಕೋ ಬಲಕ್ಕೋ ನೇರ ಕೋನದಲ್ಲಿ ತಿರುಗಿದ ಕಡೆ ನಾಯಿ ರಭಸದಲ್ಲಿ ಮುಂದೆ ಹೋಗಿಬಿಡುತ್ತದೆ. ನಾಲ್ಕು ಹೆಜ್ಜೆ ಹೋಗಿ ಬಾಲದ ಆಟ ನಿಲ್ಲುತ್ತದೆ, ತಲೆ ಮೇಲೇಳುತ್ತದೆ, ಹಿಂದಿರುಗಿ ಅರ್ಧವೃತ್ತವಾಗಿ ಸುತ್ತುತ್ತದೆ. ಪಟ್ಟಿ ಹಿಡಿದವನು ಆಗ ಉಸಿರೆತ್ತದೆ ನಿಲ್ಲಬೇಕು. ತಿರುವು ಎಲ್ಲಿದೆಯೆಂದು ಅವನಿಗೆ ಗೊತ್ತು. ಗೊತ್ತಿದೆಯೆಂದು ಪಟ್ಟಿಯನ್ನು ಒಂದು ಗೇಣು ಎಳೆದನೆಂದರೆ ನಾಯಿ ಅಂದಿನಿಂದ ತನ್ನ ಮೂಗನ್ನು ಬಿಟ್ಟು ಒಡೆಯನ ಕೈಯನ್ನು ನಂಬಲು ಕಲಿಯುತ್ತದೆ, ಕಲಿತದ್ದನ್ನು ಮರೆಸುವುದು ಬಹು ಕಷ್ಟ. ಜಾಡಿನ ಕೊನೆಯಲ್ಲಿ ಒಂದು ತೊಗಲು ಇರುತ್ತದೆ. ನಾಯಿ ಅದನ್ನು ಕಚ್ಚಿ ಎಳೆದಾಡಲು ಬಿಟ್ಟು, ಮೈ ತಡವಿ, ಹೊಗಳಿ, ಅಂದಿನ ಪಾಠ ಮುಗಿಸುತ್ತಾರೆ.

ಜರ್ಮನಿಯ ಕೂಟಗಳ ಪರೀಕ್ಷೆಯಲ್ಲಿ ನಾಯಿ ಕನಿಷ್ಠ 1000 ಮೀಟರ್ ಉದ್ದದ, ಮೂರು ಕಡೆ ನೇರ ಕೋನದಲ್ಲಿ ತಿರುಗುವ ಜಾಡನ್ನು ಹಿಡಿದು ಹೋಗಬೇಕು. ಆ ಜಾಡಿಗೆ ಬಳಸುವ ನೆತ್ತರು ಒಟ್ಟು ಕಾಲು ಲೀಟರು. ಅದು ಬಿದ್ದು 20 ಗಂಟೆ, ಮೇಲಿನ ದರ್ಜೆಯಲ್ಲಿ 40 ಗಂಟೆ ಕಳೆದಿರಬೇಕು. ಸ್ವೀಡನ್ ದೇಶದಲ್ಲಿ ದೊಡ್ಡ ಜಿಂಕೆಗಳ ಬೇಟೆಗೆ ಹೊರಟವನು ಗುಂಡು ಹಾರಿದ ಎರಡು ಗಂಟೆಯೊಳಗೆ ಶಿಕ್ಷಿತ ನಾಯಿಯೊಂದು ಸ್ಥಳಕ್ಕೆ ಬರುವಂತೆ ಮೊದಲೇ ಏರ್ಪಾಡು ಮಾಡಿರಬೇಕೆಂದು ಶಾಸನವಿದೆ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಜಿಂಕೆಬೇಟೆಗೆ ನಾಯಿಯನ್ನು ಬಳಸುವುದೇ ಅಪರಾಧವಾಗಿದ್ದುದರಿಂದ, ಗಾಯಗೊಂಡದ್ದನ್ನು ಹುಡುಕಲು ಕೂಡ ನಾಯಿಯನ್ನು ಒಯ್ಯುವಂತಿರಲಿಲ್ಲ. ಜಾನ್ ಜೀನಿ ಎಂಬ ಇತಿಹಾಸದ ಅಧ್ಯಾಪಕರು ಒರಟುಗೂದಲಿನ ಗಿಡ್ಡಗಾಲಿನ ಡ್ಯಾಕ್ಸ್‌ಹುಂಡ್ ನಾಯಿಗಳನ್ನು ತಿದ್ದಿ, ವರ್ಷಗಟ್ಟಲೆ ಪ್ರಯೋಗ ನಡೆಸಿ ತೋರಿಸಿದ ಮೇಲೆ 1986ರಲ್ಲಿ ಅಲ್ಲಿಯ ಕಾನೂನು ಹಗ್ಗದ ನಾಯಿಗೆ ಎಡೆಮಾಡಿಕೊಟ್ಟಿತು. ಬೇಟೆ ಸಮ್ಮತವೋ ಅಲ್ಲವೋ ಎಂಬ ವಾದ ಆ ದೇಶಗಳಲ್ಲಿಯೂ ಉಂಟು. ವಾದಿಸುವ ಎರಡು ಪಕ್ಷದವರೂ ಅರ್ಧ ಸತ್ತ ಜಿಂಕೆಯನ್ನು ಪೊದೆಯಲ್ಲಿ ಬಿಟ್ಟು ಮನೆಗೆ ಬರುವುದು ಹೇಯವೆಂದು ಒಪ್ಪುವುದರಿಂದ ಈ ನಾಯಿಗೆ ಶತ್ರುಗಳು ಕಡಿಮೆ.

ಈಗ ನಮ್ಮ ನೆಲಕ್ಕೆ ಬರೋಣ. ಸಿಂದಗಿಯಿಂದ ಜೇವರಗಿಯ ಕಡೆಗೆ ಹೊರಟವರಿಗೆ ಸಿಕ್ಕುವ ಮೋರಟಗಿಯ ಸುತ್ತ ಕಾಡೆಂಬುದು ಹೆಸರಿಗೂ ಇಲ್ಲ. ಜೋಳ, ತೊಗರಿ, ಸೂರ್ಯಕಾಂತಿಗಳ ಎರೆಹೊಲ ದಿಗಂತದವರೆಗೆ ಚಾಚಿದೆ. ನಡುವೆ ಒಂದು ಜಾಲಿ, ಒಂದು ಬನ್ನಿ, ಹಳ್ಳದ ದಂಡೆಗೆ ಒಂದಿಷ್ಟು ಈಚಲು. ಇಂಥ ಬಯಲಿನ ಮಿಗ ಚಿಗರಿ, ಅಂದರೆ ಕೃಷ್ಣಮೃಗ. ಅಡಗಲು ಮರೆಯಿಲ್ಲದ ನೆಲದಲ್ಲಿ ಅದರ ರಕ್ಷೆಯೆಲ್ಲ ದೂರದೃಷ್ಟಿಯಲ್ಲಿಯೂ ಓಟದಲ್ಲಿಯೂ ಇದೆ. ಗಂಟೆಗೆ 80 ಕಿಲೋಮೀಟರಿನ ವೇಗವನ್ನು ಮುಟ್ಟಬಲ್ಲ ಪ್ರಾಣಿಯದು. ಅದನ್ನು ಅಟ್ಟುವ ನಾಯಿಗೂ ಕಣ್ಣು ಕಾಲುಗಳೇ ಬಂಡವಾಳವಾದುದರಲ್ಲಿ ಆಶ್ಚರ್ಯವಿಲ್ಲ. ಸಪೂರ ಮೈ, ಒಳಸೇದಿದ ಹೊಟ್ಟೆ, ಆಳವಾದ ಎದೆ, ಉದ್ದ ತಲೆ, ಅಗಲಕ್ಕೆ ನೋಡಬಲ್ಲ ಕಣ್ಣು: ಇದು ಮುಧೋಳದ ನಾಯಿ. ಪರ್ಷಿಯ ಅರೇಬಿಯಗಳ ನೋಟದ ಬೇಟೆನಾಯಿಗಳು ಸೈನ್ಯಗಳ ಜೊತೆಗೂ ವರ್ತಕರ ತಂಡಗಳ ಜೊತೆಗೂ ದಖ್ಖನಿಗೆ ಬಂದು ಇಲ್ಲಿಯ ನಾಯಿಗಳೊಡನೆ ಬೆರೆತು ಇದು ಹುಟ್ಟಿತೆಂದು ಬಲ್ಲವರ ಅಭಿಪ್ರಾಯ. ಆದಿಲಶಾಹಿಗಳ ಸೇವೆಯಲ್ಲಿದ್ದ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನದಲ್ಲಿ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆಯ್ದು ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಮೇಲೆ ಮುಧೋಳದ ಹೆಸರು ಅದಕ್ಕೆ ಅಂಟಿತು. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿತು.

ಇಲ್ಲೊಂದು ಲೆಕ್ಕ ಗಮನಾರ್ಹವಾದುದು. ಮುಧೋಳದ ನಾಯಿ ಎಷ್ಟು ಚುರುಕಾದರೂ ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನ ಓಟಗಾರ. ಕೈಕಾಲು ನೆಟ್ಟಗಿರುವ, ಬೆಳೆದ ಚಿಗರಿಯನ್ನು ಬಟ್ಟಬಯಲಿನಲ್ಲಿ ಅದು ಹಿಡಿಯಲಾರದು. ಮೊಲ ಅದರ ನಿಜವಾದ ಬೇಟೆ. ಚಿಗರಿಯ ಮಟ್ಟಿಗೆ ಅದರ ಕೈಗೆ ಸಿಕ್ಕುವುದು ಎಳೆಯ ಮರಿ, ಮಳೆಗಾಲದ ಎರೆಯಲ್ಲಿ ಗೊರಸು ಹೂತು ಬಸವಳಿದದ್ದು, ಇಲ್ಲವೆ ಗಾಯಗೊಂಡದ್ದು. ಕೋವಿಯವನ ಪಕ್ಕದಲ್ಲಿ ಈ ನಾಯಿ ನಿಂತಿದ್ದುದು ಆ ಮೂರನೆಯದಕ್ಕಾಗಿ ಎಂದು ನಾನು ತಿಳಿಯುತ್ತೇನೆ. ಕಾಲು ಮುರಿದ ಚಿಗರಿ ಕಣ್ಣಿಗೆ ಕಾಣುತ್ತಲೇ ಓಡುತ್ತಿರುವಾಗ ನಾಯಿಯ ಕೊರಳಪಟ್ಟಿ ಬಿಚ್ಚಿದರೆ ಸಾಕು, ಕೆಲವೇ ನಿಮಿಷದಲ್ಲಿ ಅದರ ಯಾತನೆ ಮುಗಿಯುತ್ತದೆ. ಹ್ಯಾನೋವರಿನವರು ಮರುದಿನ ಹಗ್ಗ ಹಿಡಿದು ಮಾಡುವುದನ್ನು ಬಯಲಿನವರು ಒಡನೆಯೇ ಹಗ್ಗ ಬಿಚ್ಚಿ ಮಾಡುತ್ತಿದ್ದರು.

ಈ ನಾಯಿಯ ಸ್ವಭಾವವನ್ನು ಹತ್ತಿರದಿಂದ ಕಾಣುವ ಅವಕಾಶ ನನಗೆ ಮೋರಟಗಿಯ ಆಚೆಯ ಒಂದು ಹೊಲದಲ್ಲಿ ಒದಗಿತು. ಜೋಳ ಕೊಯ್ದು ಕೂಳೆ ಮಾತ್ರ ಉಳಿದ ನೆಲದಲ್ಲಿ ಕುರಿಗಾರನೊಬ್ಬ ಕುರಿ ತರುಬಿದ್ದ. ಜೊತೆಗೆ ಮುಧೋಳದ ಹೆಣ್ಣುನಾಯಿಯೊಂದು, ಕಿವಿ ಜೋತುಬಿದ್ದ ಕರಿಯ ಕಂತ್ರಿಯೊಂದು. ಸಾಲಿನ ನಡುವೆ ಅವಿತಿದ್ದ ಮೊಲವೊಂದು ಕುರಿಗಳ ಕಾಲಿಗೆ ಸಿಕ್ಕಿ ತಾನಾಗಿ ಎದ್ದು ಓಡಿತು. ಹೆಣ್ಣುನಾಯಿ ಬಿಲ್ಲಿನಂತೆ ಬಾಗಿ ಚಿಮ್ಮಿ ಅದರ ಹಿಂದೆ ಬಿತ್ತು. ಮೊಲ ತಟಕ್ಕನೆ ತಿರುಗಿದಾಗ ಜಾರಿ ದೂಳೆಬ್ಬಿಸಿ ಮತ್ತೆ ಹಿಡಿಯಿತು. ಇನ್ನೇನು ಮುಟ್ಟಿತೆನ್ನುವಾಗ ಮೊಲ ಪಕ್ಕದ ತೊಗರಿಯೊಳಗೆ ಹೊಕ್ಕಿತು. ನಾಯಿ ತೊಗರಿಯ ಅಂಚಿನಲ್ಲಿ ನಿಂತುಬಿಟ್ಟಿತು. ತಲೆ ಎತ್ತಿ ನೋಡಿತು, ಹಿಂಗಾಲ ಮೇಲೆ ಎದ್ದು ಗಿಡಗಳ ಮೇಲಿಂದ ನೋಡಿತು, ಅತ್ತಿತ್ತ ಹೋಗಿ ನೋಡಿತು. ಮೂಗನ್ನು ಮಾತ್ರ ಒಂದು ಸಲವೂ ನೆಲಕ್ಕೆ ತಾಗಿಸಲಿಲ್ಲ. ಅಷ್ಟು ಹೊತ್ತಿಗೆ ಹಿಂದಿನಿಂದ ಕುಂಟುತ್ತ ಬಂದ ಕಂತ್ರಿ ಯಾವ ಆತುರವೂ ಇಲ್ಲದೆ ಮೊಲ ಹೊಕ್ಕ ಕಂಡಿಯಲ್ಲಿಯೇ ಮೂಗೂರಿ ಒಳಗೆ ಹೋಯಿತು. ಕುರಿಗಾರ ಸಿಳ್ಳು ಹಾಕಿ ಅದನ್ನು ಹಿಂದಕ್ಕೆ ಕರೆದ. ನಾನು ಕೇಳುವ ಮೊದಲೇ ಅವನು ನಕ್ಕು ಹೇಳಿದ: “ಇದಕ್ಕ ಕಣ್ಣ ಅದ, ಅದಕ್ಕ ಮೂಗ ಅದರಿ.” ಪ್ರಾಣಿಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ವಿವರಿಸುವ ವಿಭಾಗ ಇದೇ.

ಕನ್ನಡ ನಾಡಿನಲ್ಲಿ ಬೇಟೆಯ ನಾಯಿಗೆ ಸಂದ ಗೌರವ ಸಣ್ಣದಲ್ಲ. ತಕ್ಕೋಲದ ಯುದ್ಧವಾದ ಬಳಿಕ, 949-50ರಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನೆಟ್ಟ ಶಾಸನ ವಿದ್ವಾಂಸರಿಗೆಲ್ಲ ಪರಿಚಿತವಾದುದು. ಗಂಗರ ಬೂತುಗನ ಆಳಾದ ಮಣಲೆರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ, ಆ ವೀರನು ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಬೆಳತೂರಿನ ಗುಡ್ಡದಲ್ಲಿ ಹೆಬ್ಬಂದಿಯೊಂದರ ಮೇಲೆ ಅದನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅದನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆಗ ಚಕ್ರವರ್ತಿಯಾಗಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಅವನ ಮಂತ್ರಿಯೇ ನಮ್ಮ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನೆಂದು 945ರ ಶಾಸನ ಹೇಳುತ್ತದೆ. ಒಂದೇ ದಶಕದೊಳಗೆ ಒಂದೇ ಆಳಿಕೆಯಲ್ಲಿ ವಿದ್ಯಾರ್ಥಿಗಳಿಗೂ ನಾಯಿಗೂ ಭೂದಾನ! ಎರಡು ಶತಮಾನಗಳ ಅನಂತರ ಕಲ್ಯಾಣದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಒಂದು ಪ್ರಕರಣವಿರುವಂತೆ ಸಾರಮೇಯವಿನೋದಕ್ಕೂ ಒಂದು ಪ್ರತ್ಯೇಕ ಪ್ರಕರಣವುಂಟು. ಆದರೆ ಆತಕೂರಿನ ಶಾಸನದಲ್ಲಿ ಕೊಂಡಾಡಿರುವುದು ಹಂದಿಯೊಡನೆ ಕಾದ ಕಲಿಯನ್ನು. ಹಗ್ಗದ ತುದಿಯಲ್ಲಿ ಮೌನವಾಗಿ ಜಾಡು ಹಿಡಿದು ನಡೆಯುವ ನಾಯಿಗೆ ವೀರಗಲ್ಲಿನ ಯೋಗವೆಲ್ಲಿಯದು?

ಮಲೆನಾಡಿನ ಸಂಗತಿ ಬೇರೆ. ಹತ್ತು ಮಾರಿನಾಚೆ ಕಾಣದ ಹಳುವಿನಲ್ಲಿ ಕಣ್ಣಿನ ನಾಯಿಗೆ ಕೆಲಸವಿಲ್ಲ. ಅಲ್ಲಿ ಹಳು ಸೋವುವವರ ಜೊತೆ ಊರನಾಯಿಗಳ ಗುಂಪು ನುಗ್ಗುತ್ತಿತ್ತು. ಬಿಲ್ಲಿಗೆ ನಿಂತವರು ನಾಯಿಯ ಕೂಗಿನ ಧಾಟಿಯಿಂದಲೇ ಎದ್ದದ್ದು ಹಂದಿಯೋ ಕಾಡುಕುರಿಯೋ ಎಂದು ತಿಳಿಯುತ್ತಿದ್ದರು. ಈ ನಾಯಿಗಳಿಗೆ ಯಾರೂ ಶಾಲೆ ನಡೆಸಲಿಲ್ಲ. ತಾಯಿಯ ಹಿಂದೆ ಹೋಗಿ ಮರಿ ಕಲಿಯಿತು, ಕಲಿಯದ್ದು ಹಂದಿಯ ಕೋರೆಗೆ ಸಿಕ್ಕಿ ಸತ್ತಿತು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಯ ನಾಯಿ ಹುಲಿಯನನ್ನು ಓದಿದವರು ಈ ಜಾತಿಯನ್ನು ಮರೆಯಲಾರರು. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ದಕ್ಷಿಣ ಕನ್ನಡದ ಕಾಡಿಗೆ ಅದೇ ಬಗೆಯ ಸಾಕ್ಷ್ಯ ನೀಡುತ್ತದೆ. ಗಾಯಗೊಂಡ ಮಿಗದ ನೆತ್ತರನ್ನು ಎಲೆಯಿಂದ ಎಲೆಗೆ ಹಿಡಿದು ಹೋಗುವ ಸೂಕ್ಷ್ಮ ಕೆಲಸ ಮಾತ್ರ ಬಹುಮಟ್ಟಿಗೆ ಮನುಷ್ಯರ ಕಣ್ಣಿನ ಪಾಲಿಗೇ ಇತ್ತು. ಜೇನುಕುರುಬರು, ಸೋಲಿಗರು ಇದರಲ್ಲಿ ಎಷ್ಟು ನಿಪುಣರೆಂದರೆ ಅವರನ್ನು ಬಿಟ್ಟು ಬೇಟೆಗೆ ಹೊರಡುವ ಧೈರ್ಯ ದೊರೆಗಳಿಗೂ ಇರಲಿಲ್ಲ. ಅಂಥ ಜನ ಜೊತೆಗಿರುವಲ್ಲಿ ಹಗ್ಗದ ನಾಯಿಯನ್ನು ಹ್ಯಾನೋವರಿನವರಂತೆ ವರ್ಷಗಟ್ಟಲೆ ತಿದ್ದುವ ಅಗತ್ಯ ಯಾರಿಗೆ ತೋರೀತು?

ನಮ್ಮ ಬಯಲಿನಲ್ಲಿ ಬೇಟೆಯೇ ಬಾಳಾಗಿದ್ದವರ ಪಾಡು ಕನಿಕರ ಹುಟ್ಟಿಸುವಂಥದು. ಮುಧೋಳದ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ದಂಗೆಯೆದ್ದು ಅಳಿದರು. ಬಲೆ ಉರುಲುಗಳಿಂದ ಚಿಗರಿ ಹಿಡಿಯುತ್ತಿದ್ದ ಹರಣಶಿಕಾರಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿ, ವಿಜಾಪುರದ ವಸಾಹತಿನಲ್ಲಿ ಕೂಡಿಹಾಕಿದರು. 1871ರಲ್ಲಿ ಹುಟ್ಟಿದ ಆ ಶಾಸನ ರದ್ದಾದದ್ದು 1952ರಲ್ಲಿ. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1951ರ ವನ್ಯಪ್ರಾಣಿ ಶಾಸನ ಲೈಸೆನ್ಸಿನ ಮೇಲೆ ಬೇಟೆಗೆ ಅನುಮತಿ ಕೊಡುತ್ತಿತ್ತು. ಕೇಂದ್ರದ 1972ರ ವನ್ಯಜೀವಿ ಸಂರಕ್ಷಣಾ ಶಾಸನ ಕೃಷ್ಣಮೃಗವನ್ನು ಮೊದಲ ಅನುಸೂಚಿಗೆ ಸೇರಿಸಿತು. 1991ರ ತಿದ್ದುಪಡಿಯೊಡನೆ ಬೇಟೆಯ ಬಾಗಿಲು ಉಳಿದ ಮಿಗಗಳಿಗೂ ಮುಚ್ಚಿತು. ಆ ಶಾಸನದಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟುವುದೂ, ಸೋವುವುದೂ, ಉರುಲೊಡ್ಡುವುದೂ ಅದರಲ್ಲಿ ಸೇರುತ್ತವೆ. ಹೀಗಾಗಿ ಮುಧೋಳದ ನಾಯಿಯ ಕುಲಕಸುಬು ಇಂದು ಅಪರಾಧ. ಮುಧೋಳ, ಬೀಳಗಿ ತಾಲ್ಲೂಕುಗಳ ಗಡಿಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ 2016ರಲ್ಲಿ ಅಭಯಾರಣ್ಯ ಘೋಷಣೆಯಾದುದರಿಂದ, ಜಿಂಕೆಯನ್ನು ಅಟ್ಟುವ ನಾಯಿಯ ತವರಿನಲ್ಲಿಯೇ ಜಿಂಕೆಗೆ ರಾಜಾಶ್ರಯ ದೊರೆತಂತಾಗಿದೆ.

ಹಾಗಾದರೆ ಹಗ್ಗ ಮತ್ತು ಮೂಗಿನ ವಿದ್ಯೆ ನಮ್ಮಲ್ಲಿ ಹುಟ್ಟಲೇ ಇಲ್ಲವೆ? ಅದು ಹಿಂಬಾಗಿಲಿನಿಂದ ಬಂದಿದೆ, ಬೇಟೆಗಾರನನ್ನೇ ಹುಡುಕಿಕೊಂಡು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಏರ್ಪಾಡನ್ನು ಹೇಳಿದೆ: ಲುಬ್ಧಕರೂ ಶ್ವಗಣಿಗಳೂ, ಎಂದರೆ ವ್ಯಾಧರೂ ನಾಯಿಪಡೆಯವರೂ, ಅರಣ್ಯಗಳಲ್ಲಿ ಸುತ್ತುತ್ತಿದ್ದು, ಕಳ್ಳರೋ ಶತ್ರುಗಳೋ ಬಂದರೆ ಮರ ಬೆಟ್ಟಗಳನ್ನು ಏರಿ ಶಂಖ ದುಂದುಭಿಗಳಿಂದ ಸುದ್ದಿ ಮುಟ್ಟಿಸಬೇಕು. ಬೇಟೆಯ ನಾಯಿಯನ್ನು ಕಾಡಿನ ಕಾವಲಿಗೆ ನೇಮಿಸಿದ ಈ ಹಳೆಯ ಯೋಚನೆ ನಮ್ಮ ಕಾಲದಲ್ಲಿ ಮತ್ತೆ ಚಿಗುರಿದೆ. ಟ್ರಾಫಿಕ್ ಎಂಬ ವನ್ಯಜೀವಿ ಸಂಸ್ಥೆ 2008ರಿಂದ ಅರಣ್ಯ ಇಲಾಖೆಗಳಿಗೆ ನಾಯಿಗಳನ್ನು ತಯಾರು ಮಾಡಿಸುತ್ತ ಬಂದಿತು; ಭೋಪಾಲದಲ್ಲಿ ತರಬೇತಿ ಪಡೆದು ಬಂಡೀಪುರಕ್ಕೆ ಬಂದ ಜರ್ಮನ್ ಷೆಪರ್ಡ್ ಜಾತಿಯ ರಾಣಾ ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸ ಹೆಸರಲ್ಲ. ತೊಗಲು, ಎಲುಬು, ಮಾಂಸಗಳನ್ನು ಪತ್ತೆ ಮಾಡಿ ಕಳ್ಳಬೇಟೆಗಾರನ ಮನೆಬಾಗಿಲಿಗೆ ಒಯ್ಯುವುದು ಅದರ ಮುಖ್ಯ ಕೆಲಸವಾಗಿತ್ತು. ಆದರೆ 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಸುತ್ತ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಜೀವಂತ ಹಿಡಿಯಲು ಹೊರಟಾಗ, ಹುಲಿ ಯಾವ ಪೊದೆಯ ಕಡೆಗೆ ಹೋಗಿದೆಯೆಂದು ಜಾಡು ತೋರಿಸಲು ರಾಣಾವನ್ನು ಒಯ್ದರು. ಅದೇ ವರ್ಷ ದಾವಣಗೆರೆಯ ಪೊಲೀಸ್ ನಾಯಿ ತುಂಗಾ, ಕೊಲೆಯೊಂದರ ತನಿಖೆಯಲ್ಲಿ, 12 ಕಿಲೋಮೀಟರಿನಷ್ಟು ದೂರ ಮೂಗೂರಿ ನಡೆದು ಆರೋಪಿಯ ಸುಳಿವು ಹಿಡಿಯಿತು. ಪಟ್ಟಿ ಹಿಡಿದವನ ಕೈ, ನಾಯಿಯ ಮೇಲಿನ ವಿಶ್ವಾಸ, ತಿರುವಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುವ ತಾಳ್ಮೆ, ಎಲ್ಲವೂ ಹ್ಯಾನೋವರಿನದೇ. ಜಾಡಿನ ತುದಿಯಲ್ಲಿ ಸಿಕ್ಕುವವನು ಮಾತ್ರ ಬೇರೆ.

ಈ ಸಂದರ್ಭದಲ್ಲಿ ಮುಧೋಳದ ನಾಯಿಯ ವಿಷಯದಲ್ಲಿ ನಡೆಯುತ್ತಿರುವ ಉತ್ಸಾಹವನ್ನು ಕುರಿತು ಒಂದೆರಡು ಮಾತು ಹೇಳದಿರಲಾರೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರ ಈ ತಳಿಯನ್ನು ಶುದ್ಧವಾಗಿ ಉಳಿಸಿ ಮರಿಗಳನ್ನು ಹಂಚುವ ಕೆಲಸ ಶ್ಲಾಘ್ಯವಾದುದು. ಅಲ್ಲಿಂದ ಮೀರತ್ತಿನ ಸೈನಿಕ ಕೇಂದ್ರಕ್ಕೆ ಮರಿಗಳು ಹೋದವು. ಆಮೇಲೆ ವಾಯುಸೇನೆಯೂ ವಿಮಾನಗಳ ಓಡುದಾರಿಯಿಂದ ಹಕ್ಕಿಗಳನ್ನು ಓಡಿಸಲು ಕೆಲವನ್ನು ಪಡೆಯಿತು. ಈ ಎರಡನೆಯ ಉದ್ಯೋಗವನ್ನು ಗೊತ್ತು ಮಾಡಿದವರು ಯಾರೇ ಇರಲಿ, ನಾಯಿಯನ್ನು ಬಲ್ಲವರು: ವಿಶಾಲ ಬಯಲು, ದೂರದ ಚಲನೆ, ಒಂದು ರಭಸದ ಓಟ, ಅಷ್ಟೇ ಅಲ್ಲಿಯ ಕೆಲಸ. ಆದರೆ ನಮ್ಮದೆಂಬ ಅಭಿಮಾನದಿಂದ ಅದಕ್ಕೇ ಮದ್ದುಗುಂಡು ಮೂಸುವ ಕೆಲಸ, ಅದಕ್ಕೇ ಮನೆಕಾವಲು, ಅದಕ್ಕೇ ಕಾಡಿನ ಜಾಡು ಎಂದು ಹೊರೆಸುತ್ತ ಹೋಗುವುದು ನಾಯಿಗೂ ನ್ಯಾಯವಲ್ಲ, ಕೆಲಸಕ್ಕೂ ಒಳ್ಳೆಯದಲ್ಲ. ಅದಕ್ಕೆ ಮೂಗಿಲ್ಲವೆಂದಲ್ಲ, ಯಾವ ನಾಯಿಗೆ ತಾನೆ ಇಲ್ಲ? ಆದರೆ ಕದಲಿದ್ದು ಕಣ್ಣಿಗೆ ಬಿದ್ದೊಡನೆ ಮೂಗನ್ನು ಮರೆಯುವಂತೆ ನೂರಾರು ವರ್ಷ ಆಯ್ದು ಬೆಳೆಸಿದ ಪ್ರಾಣಿಯನ್ನು, ಪಕ್ಕದಲ್ಲೇ ಮೊಲವೆದ್ದರೂ ತಿರುಗಿ ನೋಡದೆ ನಿನ್ನೆಯ ನೆತ್ತರನ್ನು ಮೂಸುತ್ತ ಹೋಗು ಎಂದು ಒತ್ತಾಯಿಸುವುದು ಹೊಳೆಗೆ ಎದುರಾಗಿ ಈಜಿದಂತೆ. ಆ ಕೆಲಸಕ್ಕೆ ಕುರಿಗಾರನ ಕರಿಯ ಕಂತ್ರಿಯಂಥದರಿಂದಲೇ ಮರಿ ಆಯ್ದು ಪರೀಕ್ಷಿಸಿ ನೋಡುವುದು ಹೆಚ್ಚು ವಿವೇಕದ್ದೆಂದು ನನ್ನ ಎಣಿಕೆ. ಊರನಾಯಿಗೆ ಅಂಚೆಚೀಟಿಯ ಮರ್ಯಾದೆ ದೊರೆಯದಿರಬಹುದು. ಅಂಗಾಲು ಗಟ್ಟಿ, ಬಿಸಿಲು ತಡೆಯುತ್ತದೆ, ಮೂಗು ನೆಲದಲ್ಲಿರುತ್ತದೆ.

ಬೇಟೆ ನಿಂತರೂ ಜಾಡು ಹಿಡಿಯುವ ನಾಯಿ ನಮಗೆ ಬೇಕು, ಏಕೆಂದರೆ ಚಿಗರಿ ಈಗಲೂ ಗಾಯಗೊಳ್ಳುತ್ತಲೇ ಇದೆ. ಹೆದ್ದಾರಿಯ ವಾಹನ, ಹೊಲದ ತಂತಿಬೇಲಿ, ಕಟ್ಟೆಯಿಲ್ಲದ ಬಾವಿ, ಹಂದಿಗೆಂದು ಒಡ್ಡಿದ ಉರುಲು, ಎಲ್ಲಕ್ಕಿಂತ ಹೆಚ್ಚಾಗಿ ಗುಂಪುಗೂಡಿದ ಬೀದಿನಾಯಿಗಳು: ಕೋವಿ ಹೋದರೂ ಪೆಟ್ಟು ಕಡಿಮೆಯಾಗಿಲ್ಲ. ಪೆಟ್ಟು ತಿಂದದ್ದು ಆಳೆತ್ತರದ ತೊಗರಿಯನ್ನೋ ಕಬ್ಬನ್ನೋ ಹೊಕ್ಕು ಮಲಗಿತೆಂದರೆ, ಅದನ್ನು ಉಪಚರಿಸಲು ಬಂದ ಪಶುವೈದ್ಯರಿಗೆ ಕಾಣುವುದು ಹೊಲವೇ ಹೊರತು ಚಿಗರಿಯಲ್ಲ. ಹತ್ತು ಜನ ಸಾಲಾಗಿ ಹೊಲ ಹೊಕ್ಕು ಹುಡುಕುವುದು ಅದನ್ನು ಕೊಲ್ಲುವ ದಾರಿ. ಭಯದಿಂದ ಅತಿಯಾಗಿ ಓಡಿದ ಜಿಂಕೆಯ ಸ್ನಾಯುಗಳು ಒಳಗೇ ಕೆಟ್ಟು, ಗಾಯ ವಾಸಿಯಾಗುವಂತಿದ್ದರೂ, ಗಂಟೆಗಳಲ್ಲಿಯೋ ಒಂದೆರಡು ದಿನದಲ್ಲಿಯೋ ಅದು ಸಾಯುವುದನ್ನು ವನ್ಯಪ್ರಾಣಿ ವೈದ್ಯರೆಲ್ಲ ಕಂಡಿದ್ದಾರೆ, ಕೃಷ್ಣಮೃಗದಲ್ಲಿ ಅದು ವಿಶೇಷವಾಗಿ ಹೆಚ್ಚು. ಹಗ್ಗದ ನಾಯಿ ಸಲ್ಲುವುದು ಇಲ್ಲಿಯೇ. ಒಂದು ನಾಯಿ, ಪಟ್ಟಿ ಹಿಡಿದ ಒಬ್ಬ, ಹಿಂದೆ ದೂರದಲ್ಲಿ ವೈದ್ಯರು. ಬೊಗಳದಂತೆ ತಿದ್ದಿದ ನಾಯಿ ಮಿಗ ಹತ್ತಿರವಾಯಿತೆಂದು ಪಟ್ಟಿ ಬಿಗಿದು ತೋರಿಸಿದಲ್ಲಿ ಅದನ್ನು ಹಿಂದಕ್ಕೆ ಒಯ್ದು, ವೈದ್ಯರು ಮುಂದೆ ಹೋಗಿ ಅರಿವಳಿಕೆಯ ಸೂಜಿ ಹಾರಿಸಿ, ಮಿಗದ ಕಣ್ಣಿಗೆ ಬಟ್ಟೆ ಕಟ್ಟಿ ಎತ್ತಬೇಕು. ಐರೋಪ್ಯರ ಪಾಠಗಳನ್ನು ಇದಕ್ಕೆ ಹೊಂದಿಸುವಾಗ ಬದಲಾಯಿಸಬೇಕಾದುದು ಮುಖ್ಯವಾಗಿ ಹೊತ್ತು. ಅವರ ತಂಪು ಕಾಡಿನಲ್ಲಿ 40 ಗಂಟೆ ನಿಲ್ಲುವ ವಾಸನೆ ನಮ್ಮ ಎರೆಯ ಬೇಸಿಗೆಯ ಮಧ್ಯಾಹ್ನವನ್ನು ದಾಟಲಾರದು. ಮಾಗಿಯ ಇಬ್ಬನಿಯ ಬೆಳಗಿನಲ್ಲಿ, ಬೇಸಿಗೆಯಲ್ಲಾದರೆ ಹೊತ್ತು ಮೂಡುವ ಮೊದಲು, ಕೆಲಸ ಮುಗಿಯಬೇಕು. ಆದುದರಿಂದ ನಾಯಿಗಿಂತ ಮೊದಲು ತರಬೇತಿ ಬೇಕಾದುದು ಚಿಗರಿಯನ್ನು ಮೊದಲು ಕಂಡ ರೈತನಿಗೆ: ಅದು ಹೊಲ ಹೊಕ್ಕ ಕಡೆ ಒಂದು ಜಾಲಿಯ ಟೊಂಗೆ ಮುರಿದು ನೆಟ್ಟು, ಊರನಾಯಿಗಳನ್ನು ತಡೆದು, ತಾನೂ ಆ ಸಾಲನ್ನು ತುಳಿಯದೆ ಬದುವಿನ ಮೇಲೆ ನಿಂತು ಫಾರೆಸ್ಟಿನವರಿಗೆ ಫೋನು ಮಾಡುವುದು.